ಪೂಜೆಗೊಂಡ ಹಗ್ಗ

ನನ್ನ ಗಂಡನೂ ಅವರ ಅಣ್ಣನೂ ಮಿಡಿಗೇಶಿಯ ಸುತ್ತಮುತ್ತ ಬಾವಿ ತೋಡುತ್ತಿದ್ದರು. ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಕೂತು ಇಳಿಯುವವರು ನನ್ನ ಗಂಡ. ಮೇಲೆ ನಿಂತು ಹಗ್ಗ ಬಿಡುವವರು ಭಾವ. ಹೊಲ ಪಾಲಾದ ಮೇಲೆ ಅಣ್ಣತಮ್ಮಂದಿರಿಗೆ ಮಾತೇ ಇರಲಿಲ್ಲ. ಮಾತು ಬಿಟ್ಟವರ ಕೈಗೆ ಗಂಡನ ಜೀವ ಕೊಟ್ಟು ಮನೆಯಲ್ಲಿ ಮುದ್ದೆ ತಿರುವುತ್ತ ಕೂರಲಾಗುತ್ತದೆಯೇ? ಬುತ್ತಿಯ ನೆಪ ಮಾಡಿಕೊಂಡು ಬೆಳಗ್ಗೆಯೇ ಹೋಗಿ ಬಾವಿಯ ಹತ್ತಿರ ಕೂತುಬಿಡುತ್ತಿದ್ದೆ. ಭಾವ ಕೆಮ್ಮಿದರೂ ನನಗೆ ಅನುಮಾನ.

ದಿನಾ ಇಳಿಯುವ ಮುಂಚೆ ಬುಟ್ಟಿಗೆ ಆಳುತೂಕದ ಕಲ್ಲು ಹಾಕಿ ಇಳಿಬಿಟ್ಟು ನೋಡುವುದು ವಾಡಿಕೆ. ಆಯುಧಪೂಜೆ ಕಳೆದು ಮೊದಲು ಇಳಿಯುವ ದಿನ ಮಾತ್ರ ಕಲ್ಲು ಹಾಕುತ್ತಿರಲಿಲ್ಲ. ಪೂಜೆಗೊಂಡ ಹಗ್ಗ ದೇವರು, ದೇವರನ್ನು ಪರೀಕ್ಷೆ ಮಾಡಬಾರದಂತೆ. ಆ ವರ್ಷ ಹಗ್ಗ ಸುತ್ತಿಟ್ಟಿದ್ದು ಭಾವನ ಕೋಣೆಯಲ್ಲಿ. ಮೈಸೂರಲ್ಲಿ ದೊರೆಗಳ ಅಂಬಾರಿ ಹೊರಟು ಹಬ್ಬ ಮುಗಿಯುವವರೆಗೂ ಆ ಬಾಗಿಲಿಗೆ ಚಿಲಕ. ಒಳಗೆ ಏನು ನಡೆಯಿತೋ ಯಾರು ಕಂಡರು?

ಹಬ್ಬ ಕಳೆದ ಬೆಳಗ್ಗೆ ನನ್ನ ಗಂಡ ಬುಟ್ಟಿಗೆ ಕಾಲಿಟ್ಟರು. ಭಾವನ ಎದುರು ತಲೆಯೆತ್ತಿದವಳಲ್ಲ ನಾನು. ಅವತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡ ನಿಂತೆ.

"ಮೊದ್ಲು ಕಲ್ಲು ಇಳೀಲಿ. ಆಮ್ಯಾಕೆ ಇವ್ರು," ಅಂದೆ.

ಭಾವ ಅಪಶಕುನ ನುಡಿಯಬೇಡವೆಂದು ರೇಗಿದರು. ನನ್ನ ಗಂಡನೂ ಮನೆಗೆ ನಡಿ ಎಂದು ಗದರಿದರು. ಕಲ್ಲು ಬೇಡವೆಂದು ಭಾವ ಅಷ್ಟು ಹಟ ಹಿಡಿದದ್ದೇ ನನಗೆ ಸಾಕಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ಗಂಡನ ರಟ್ಟೆ ಹಿಡಿದು ಈಚೆಗೆಳೆದು, ನಾನೇ ಬುಟ್ಟಿಗೆ ಕಲ್ಲು ಉರುಳಿಸಿದೆ. ಭಾವ ಹಲ್ಲು ಕಚ್ಚಿಕೊಂಡು ಹಗ್ಗ ಬಿಟ್ಟರು.

ಅರ್ಧ ಬಾವಿಗೆ ಹೋಗುವಷ್ಟರಲ್ಲಿ ಹಗ್ಗ ಕಿತ್ತುಹೋಯಿತು. ಕಲ್ಲು ದಢಾರನೆ ತಳಕ್ಕೆ ಬಡಿಯಿತು.

"ಕುಯ್ದಿಟ್ಟಿದ್ದೀಯಲ್ಲೋ ಪಾಪಿ," ಎಂದು ಭಾವನ ಮೇಲೆಯೇ ಹೋದೆ.

ಅವರು ಕಿತ್ತ ತುದಿಯನ್ನು ನನ್ನ ಮುಂದೆ ಹಿಡಿದರು. ಕುಡುಗೋಲಿನ ಗುರುತಿಲ್ಲ. ಸುರುಳಿಯ ಒಳಸುತ್ತಿನ ನಾರನ್ನು ಇಲಿಗಳು ಕಡಿದುಹಾಕಿದ್ದವು. ಎಳೆಗಳ ನಡುವೆ ಬೆಲ್ಲದ ಅಂಟು, ಅದಕ್ಕೆ ಮೆತ್ತಿದ ಪುರಿ. ಭಾವ ಅಲ್ಲೇ ನೆಲದ ಮೇಲೆ ಕೂತರು.

"ತಮ್ಮ ಇಳಿಯೋ ಹಗ್ಗ ಅಂತ ಈ ಸಲ ಪೂಜೇಲಿ ಪುರಿಗೆ ಬೆಲ್ಲ ಕಲಸಿ ನಾನೇ ಸವರಿದ್ದೆ ಕಣಮ್ಮ. ದೇವ್ರು ಅವ್ನ ಕಾಯ್ಲಿ ಅಂತ."

ನನ್ನ ಗಂಡ ಅಣ್ಣನ ಪಕ್ಕ ಹೋಗಿ ಕೂತರು. ಇಬ್ಬರೂ ಅತ್ತರು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ?

ಹೊಸ ಹಗ್ಗ ಬಂದ ದಿನ ಭಾವ ಅದಕ್ಕೆ ಕುಂಕುಮವಿಟ್ಟು ಕೈಮುಗಿದರು. ಅದಾದ ಕೂಡಲೇ ನಾನು ಕಲ್ಲಿನತ್ತ ನಡೆದೆ. ಬೆಲ್ಲ ಸವರಿದರೇನು, ಕುಡುಗೋಲು ಆಡಿಸಿದರೇನು, ಕೆಳಗಿಳಿಯುವವರು ನನ್ನ ಗಂಡ. ಭಾವ ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಕಲ್ಲಿನ ಇನ್ನೊಂದು ಬದಿಗೆ ಬಂದು ಬಗ್ಗಿ ಕೈ ಹಾಕಿದರು.