ಮಾತಾಡುವ ಹಲಗೆ

ಉರಿಗಾಂನಲ್ಲಿ ನಮ್ಮ ಪಕ್ಕದ ಮನೆಯ ಮಾವನದು ಚಿನ್ನದ ಗಣಿಯೊಳಗೆ ಮೇಲಿನ ಬಂಡೆ ಕುಸಿಯದಂತೆ ಮರದ ಆಸರೆ ನಿಲ್ಲಿಸುವ ಕೆಲಸ. ಯಾವ ಮರ ಕಂಡರೂ ತಟ್ಟಿ ಕಿವಿಗೊಡುತ್ತಿದ್ದ.

"ಮಾತಾಡೋ ಮರ ಬೇಕು ಕಣ್ಲಾ. ಮುರಿಯೋಕ್ ಮುಂಚೆ ಕಿರ್ರ್ ಅಂದ್ರೆ ತಾನೆ ನಾವು ಓಡೋದು?"

ಭಾನುವಾರ ನಾವೆಲ್ಲ ಕೆರೆಗೆ ಹೋಗಿ, ದಡದಲ್ಲಿ ಎಮ್ಮೆ ಓಡಿಸಿ, ಅದಕ್ಕೆ ಹಗ್ಗದಿಂದ ಕಟ್ಟಿದ ಹಲಗೆಯ ಮೇಲೆ ನಿಂತು ನೀರಲ್ಲಿ ಜಾರುತ್ತಿದ್ದೆವು. ಒಮ್ಮೆ ತನ್ನ ಮಗಳಿಗೆಂದು ಮಾವನೇ ತಟ್ಟಿ ನೋಡಿ ದಪ್ಪನೆಯ, ಭಾರದ ಹಲಗೆ ಆರಿಸಿದ. ಅವಳು ಹತ್ತಿದ್ದೇ ತಡ, ಮುಳುಗಿತು.

"ಮ್ಯಾಲಿಂದ ಬೀಳೋದೊಂದೇ ನೋಡ್ದೆ ಕಣಮ್ಮಾ, ತೇಲೋದು ನೋಡ್ಲೇ ಇಲ್ಲ," ಎಂದು ತಾನೇ ನಕ್ಕ.

ಆಮೇಲೆ ತೆಳ್ಳನೆಯ, ಹಗುರ ಹಲಗೆಯೊಂದನ್ನು ತಟ್ಟಿದ. ಅದು ಮಾತಾಡಲಿಲ್ಲ. ಆದರೂ ಅದನ್ನೇ ಕೊಟ್ಟ.

ಮಗಳು ಕೇಕೆ ಹಾಕುತ್ತ ತೇಲಿದಳು. ಮಾವ ಮಾತ್ರ ಸೊಂಟಮಟ್ಟದ ನೀರಲ್ಲಿ ಏದುಸಿರು ಬಿಡುತ್ತ, ಎರಡೂ ಕೈ ಆಸರೆಯಂತೆ ಮೇಲೆತ್ತಿಕೊಂಡು, ಅವಳ ಪಕ್ಕದಲ್ಲೇ ಓಡುತ್ತಿದ್ದ.