ಮುಚ್ಚಳದ ಕಿವಿಗೆ ಗಾಜಿನ ನಾರು

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಇದನ್ನು ಬರೆಯದೆ ಹೋದರೆ ಸಂತೋಷ ಹೊಟ್ಟೆಯೊಳಗೆ ನಿಲ್ಲುವುದಿಲ್ಲ.

ಕುಂಬಾರಕೊಪ್ಪಲಿನ ನಮ್ಮ ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ ನನ್ನ ಮೊಮ್ಮಗಳು ರೆಸಿನ್ ಎರಕ ಹುಯ್ಯುತ್ತಾಳೆ. ರೆಸಿನ್ ಅಂದರೆ ಜೇನಿನಂಥ ಅಂಟು. ಅದಕ್ಕೆ ಇನ್ನೊಂದು ಔಷಧಿ ಬೆರೆಸಿ ಅಚ್ಚಿಗೆ ಸುರಿದರೆ ಕಲ್ಲಾಗಿ ಕೂರುತ್ತದೆ. ಇದಕ್ಕಾಗಿ ಅವಳು ಕಾರ್ಖಾನೆಯ ಕೆಲಸ ಬಿಟ್ಟಿದ್ದಳು. ತಿಂಗಳುಗಳು ಕಳೆದರೂ ಒಂದೂ ಆರ್ಡರ್ ಬರಲಿಲ್ಲ. ಹಳೆಯ ಸಾಹೇಬರು ವಾಪಸ್ಸು ಕರೆದಿದ್ದರು, ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು.

ಉಳಿದ ಒಂದೇ ಆಸೆ ಇಲವಾಲದ ಪಂಪ್ ರಿಪೇರಿಯವರು. ಪಂಪಿನ ವೈರು ಸೇರುವ ಜಾಗಕ್ಕೆ ಅವರಿಗೆ ಅಂಗೈಯಗಲದ ಮುಚ್ಚಳ ಬೇಕಿತ್ತು. ನಾಲ್ಕು ಮೂಲೆಗೂ ಒಂದೊಂದು ಪುಟ್ಟ ಕಿವಿ, ಕಿವಿಯಲ್ಲಿ ಸ್ಕ್ರೂ ತೂತು. ಬರೀ ರೆಸಿನ್ನಿನದು ಒಡೆಯಿತೆಂದು ಇವಳು ಗಾಜಿನ ನಾರಿನ ಚೂರು ಬೆರೆಸಿದಳು. ಸ್ಕ್ರೂ ಬಿಗಿಸಿದರೆ ಆಗಲೂ ಕಿವಿ ಚಟ್ಟನೆ ಮುರಿಯಿತು.

"ಇನ್ನೂ ಜಾಸ್ತಿ ಹಾಕೇ," ಅಂದೆ.

"ಜಾಸ್ತಿಯಾದ್ರೆ ಗಂಜಿ ಥರ ಆಗ್ಬುಡುತ್ತೆ ಅಜ್ಜಿ, ಅಚ್ಚಿಗೇ ಇಳಿಯಲ್ಲ. ಹೋಗ್ಲಿ ಬುಡು, ಕೆಲ್ಸಕ್ಕೇ ಹೋಗ್ತೀನಿ."

ಮುರಿದ ಮುಚ್ಚಳವನ್ನು ಬಿಸಿಲಿಗೆ ಹಿಡಿದೆ. ನಡುವೆಲ್ಲ ಬಿಳಿ ನಾರು, ಕಿವಿಯಲ್ಲಿ ಒಂದೆಳೆಯೂ ಇಲ್ಲ! ಸಣ್ಣ ಸಂದಿಯಲ್ಲಿ ನಾರು ತಡೆದು ನಿಂತು ಬರೀ ರೆಸಿನ್ ಒಳಗೆ ಹೋಗಿತ್ತು. ನಾವು ಮಣ್ಣಿನ ಒಲೆ ಹಾಕುವಾಗ ಬಿರುಕು ಬಿಡದಿರಲೆಂದು ಮಣ್ಣಿಗೆ ಹುಲ್ಲು ಕೊಚ್ಚಿ ಕಲಸುತ್ತಿದ್ದೆವು. ಪಾತ್ರೆ ಕೂರುವ ಗುಂಡುಗಳಿಗೆ ಮಾತ್ರ ಹುಲ್ಲನ್ನು ಇನ್ನೂ ಸಣ್ಣಗೆ ಕೊಚ್ಚಿ, ಬೇರೆಯೇ ಕಲಸಿ, ಬೆರಳಲ್ಲಿ ಒತ್ತಿ ತುಂಬುತ್ತಿದ್ದೆವು.

"ಮೊದ್ಲು ಕಿವಿ ತುಂಬು, ಆಮೇಲೆ ಹೊಟ್ಟೆಗೆ ಹುಯ್ಯಿ," ಎನ್ನುತ್ತಾ ಹಳೆಯ ಅಭ್ಯಾಸದಲ್ಲಿ ನಾರಿನ ಡಬ್ಬಕ್ಕೆ ಬರಿಗೈ ಹಾಕಿಬಿಟ್ಟೆ.

"ಅಯ್ಯೋ, ಹುಲ್ಲಲ್ಲ ಕಣಜ್ಜಿ, ಗಾಜು!"

ಅಬ್ಬಾ, ಆ ನವೆ! ಅಂಟಿನ ಟೇಪು ಒತ್ತಿ ಒತ್ತಿ ಕಿತ್ತು ನನ್ನ ಕೈ ಶುದ್ಧ ಮಾಡಿದಳು. "ಮೇಸ್ತ್ರಿಯಮ್ಮನೋರು ದೂರ ಕೂತ್ಕೊಂಡೇ ಹೇಳ್ಬೇಕು," ಎಂದು ರೇಗಿಸಿ, ಗ್ಲೌಸು ಮಾಸ್ಕು ಹಾಕಿಕೊಂಡಳು. ನಾರನ್ನು ಪುಡಿಯಾಗುವಷ್ಟು ಕತ್ತರಿಸಿ, ರೆಸಿನ್ನಿನಲ್ಲಿ ನೆನೆಸಿ, ಕಡ್ಡಿಯಲ್ಲಿ ನಾಲ್ಕು ಕಿವಿಗೂ ತುಂಬಿದಳು. ಅದು ಹಸಿಯಿರುವಾಗಲೇ ಮೊದಲಿನಂತೆ ಕಲಸಿದ್ದನ್ನು ನಡುವಿಗೆ ಸುರಿದಳು.

ಮಾರನೆಯ ಬೆಳಿಗ್ಗೆ ಇಬ್ಬರೂ ಸ್ಕೂಟರಿನಲ್ಲಿ ಇಲವಾಲಕ್ಕೆ ಹೋದೆವು.

"ಇದೂ ಮುರುದ್ರೆ ಬೇಜಾರ್ ಮಾಡ್ಕೋಬೇಡ ಕಣಮ್ಮ," ಎಂದು ರಿಪೇರಿಯವರು ಒಂದೊಂದೇ ಸ್ಕ್ರೂ ಬಿಗಿಸಿದರು. ನಾಲ್ಕನೆಯದನ್ನು ಬೇಕೆಂದೇ ಇನ್ನರ್ಧ ಸುತ್ತು ತಿರುಗಿಸಿದರು. ನನ್ನ ಮೊಮ್ಮಗಳು ಕಣ್ಣು ಮುಚ್ಚಿಕೊಂಡಳು. ನಾನು ಮುಚ್ಚಲಿಲ್ಲ. ಕಿವಿ ಅಲುಗಲಿಲ್ಲ.

"ಇಂಥವೇ ನೂರು ಮಾಡ್ಕೊಡ್ತೀಯೇನಮ್ಮ?"

ಅಂಗಡಿಯ ಮೆಟ್ಟಿಲಲ್ಲಿ ನಿಂತೇ ಹಳೆಯ ಸಾಹೇಬರಿಗೆ ಫೋನು ಮಾಡಿದಳು. "ಸಾರ್, ನಾನು ಬರಲ್ಲ ಸಾರ್. ನನ್ಗೆ ಇಲ್ಲೇ ಕೆಲ್ಸ ಐತೆ," ಅಂದಳು. ಅಳುತ್ತಿದ್ದವಳು ನಾನು, ಅವಳಲ್ಲ.