ಟೋಸ್ಟ್ ಡಬ್ಬಿಗೆ ಸೇರಿಸಿದ ಕೇಕು

ಹೊನ್ನಾವರದಲ್ಲಿ ನಾನು ಬಹಳ ವರ್ಷ ಬೇಕರಿ ನಡೆಸಿದೆ. ಬ್ರೆಡ್ಡಿನ ಹಿಟ್ಟಿಗೆ ಈಸ್ಟು, ಕೇಕಿಗೆ ಮೊಟ್ಟೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಮಾರಾಟವಾಗದೆ ಉಳಿದ ಕೇಕನ್ನು ತೆಳ್ಳಗೆ ಕೊಯ್ದು, ಇನ್ನೊಮ್ಮೆ ಒಲೆಗೆ ಹಾಕಿ ಒಣಗಿಸಿದರೆ ಅದು ಏನು? ನಾನು ಅದನ್ನು ಬ್ರೆಡ್ಡಿನ ಟೋಸ್ಟಿನ ಡಬ್ಬಿಗೇ ಸುರಿಯುತ್ತಿದ್ದೆ. ಗಟ್ಟಿಯಾಗಿದೆ, ಚಹದಲ್ಲಿ ಅದ್ದಿ ತಿನ್ನುತ್ತಾರೆ, ಅಂದಮೇಲೆ ಟೋಸ್ಟೇ ಎಂಬುದು ನನ್ನ ವಾದ.

ಮಂಕಿಯಿಂದ ಮೀನು ಮಾರಲು ಬರುತ್ತಿದ್ದ ಒಬ್ಬ ಹೆಂಗಸಿದ್ದಳು, ನನಗಿಂತ ಹಿರಿಯಳು. ಅವಳ ಮಗ ಒಮ್ಮೆ ದೋಣಿಯಿಂದ ಕಡಲಿಗೆ ಬಿದ್ದು ಬದುಕಿ ಬಂದಿದ್ದ. ಅಂದಿನಿಂದ ಅವಳು ಸೋಮವಾರ ಮೀನು, ಮೊಟ್ಟೆ ಬಾಯಿಗೆ ಇಡುವುದಿಲ್ಲವೆಂದು ಹರಕೆ ಹೊತ್ತಿದ್ದಳು. ಬುಟ್ಟಿ ತುಂಬ ಬಂಗುಡೆ ಮಾರಿ, ಕೈ ತೊಳೆದು ನನ್ನ ಅಂಗಡಿಗೆ ಬರುತ್ತಿದ್ದಳು.

"ತಮಾ, ಇದ್ಕೆ ಮೊಟ್ಟೆ ಹಾಕಿದ್ಯನಾ? ನಂಗೆ ಇವತ್ತು ಸೋಮವಾರ."

"ಟೋಸ್ಟಿಗೆ ಎಂತ ಮೊಟ್ಟೆ ಅಕ್ಕಾ?"

"ಹಾಂಗಾರೆ ಕೊಡು. ಇಂದಾದ್ರೂ ಹಲ್ಲು ಮುರಿಯದ್ದು ನೋಡಿ ಕೊಡು ಮಾರಾಯ."

ಹಲ್ಲಿಗೆ ಮೆತ್ತಗಿರಲೆಂದು ನಾನು ಆರಿಸಿ ಕೊಡುತ್ತಿದ್ದದ್ದು ಕೇಕಿನ ಚೂರುಗಳನ್ನೇ. ವರ್ಷಗಟ್ಟಲೆ ಕೊಟ್ಟೆ. ಅವಳು ನಂಬಿ ತಿಂದಳು.

ಮಂಡಿನೋವಿನಿಂದ ಅಂಗಡಿ ಮುಚ್ಚಿದ ಮೇಲೆ ಕೂತಲ್ಲಿ ಇದೇ ಯೋಚನೆಯಾಯಿತು. ಕಳೆದ ತಿಂಗಳು ಒಂದು ಸೋಮವಾರ ಮಂಕಿಗೆ ಹೋದೆ. ಮಗ ಅಂಗಳದಲ್ಲಿ ಬಲೆ ಸರಿ ಮಾಡುತ್ತಿದ್ದ. ಅವಳು ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಎಲ್ಲವನ್ನೂ ಹೇಳಿದೆ.

ಅವಳು ಗೋಡೆ ಬಿಟ್ಟು ನೆಟ್ಟಗೆ ಕೂತಳು. "ಎಷ್ಟು ವರ್ಷ ಕೊಟ್ಟೆ?"

"ಲೆಕ್ಕ ಇಲ್ಲ ಅಕ್ಕಾ." ಸುಮ್ಮನಿರಲಾರದೆ ಸೇರಿಸಿದೆ, "ಮಗಂಗೆ ಎಂತದೂ ಆಗ್ಲಿಲ್ಲಲಾ. ದೇವರು ಕೈ ಬಿಡ್ಲಿಲ್ಲ."

"ದೇವರು ತನ್ನ ಮಾತು ಉಳಿಸ್ಕಂಡ. ನನ್ನ ಮಾತು ಹೋತಲಾ."

ನೀರು ತರಿಸಿಕೊಂಡು ಬಾಯಿ ಮುಕ್ಕಳಿಸಿದಳು. ತಿಂದದ್ದು ಈಗಷ್ಟೇ ಎಂಬಂತೆ ಮೂರು ಸಲ ಮುಕ್ಕಳಿಸಿದಳು. ಹರಕೆ ತಪ್ಪಿದ್ದಕ್ಕೆ ದೇವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕಬೇಕು ಎಂದಳು. ಅದನ್ನು ನಾನು ಹಾಕುತ್ತೇನೆ ಎಂದೆ.

"ನಿಂದು ನೀ ಹಾಕು. ತಿಂದ ಬಾಯಿ ನಂದು."

ಅವಳಿಗೆ ನಡೆಯಲು ಆಗುತ್ತಿರಲಿಲ್ಲ. ತಪ್ಪುಕಾಣಿಕೆ ಎಂದಷ್ಟೇ ಕೇಳಿ ಮಗ ರಿಕ್ಷಾ ತಂದ. ಅವರಿಬ್ಬರು ಹಿಂದೆ, ನಾನು ಚಾಲಕನ ಪಕ್ಕದಲ್ಲಿ. ದಾರಿಯಲ್ಲಿ ಮಗ ನಗುತ್ತ ಕೇಳಿದ, "ಈ ಪ್ರಾಯದಲ್ಲಿ ಎಂತ ತಪ್ಪು ಮಾಡ್ದೆ ಅಮಾ ನೀನು?"

"ಸೋಮವಾರ ಮೊಟ್ಟೆ ತಿಂದೆ."

"ಯಾರು ಕೊಟ್ರು?"

"ನಾನೇ ತಿಂದೆ. ಸುಮ್ನಿರು."

ನಾನು ರಸ್ತೆ ನೋಡುತ್ತ ಕೂತಿದ್ದೆ. ತಿರುಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ದೇವಸ್ಥಾನ ಬರುವ ತನಕವೂ ನಾನು ಹೇಳಲಿಲ್ಲ.